ಜಾಮ್ ಆದ ಚೈನ್‌ಸಾ ಎಂಜಿನ್ ಮನೆಯಲ್ಲೇ ಕಟ್ಟುವುದು: ಪಿಸ್ಟನ್ ಹಾಕುವ ಮೊದಲು ಕಾರಣ ಹುಡುಕಿ

ನನ್ನ 58 ಸಿಸಿ ಚೈನ್‌ಸಾಗೆ ಒಂದೇ ಬೇಸಿಗೆಯಲ್ಲಿ ಎರಡು ಸಲ ಪಿಸ್ಟನ್ ಹಾಕಿದ್ದೇನೆ. ಮೊದಲನೇ ಸಲದ ಕೆಲಸ ಚೊಕ್ಕವಾಗಿಯೇ ಇತ್ತು. ಹೊಸ ಬೋರ್ ಕಿಟ್ (ಸಿಲಿಂಡರ್, ಪಿಸ್ಟನ್, ರಿಂಗ್ ಒಟ್ಟಿಗೆ ಬರುವ ಸೆಟ್), ಹೊಸ ಪ್ಯಾಕಿಂಗ್, ಹೊಸ ಪ್ಲಗ್. ಎರಡನೇ ಎಳೆತಕ್ಕೇ ಸ್ಟಾರ್ಟ್ ಆಯಿತು. ಮೂರನೇ ಟ್ಯಾಂಕ್ ಪೆಟ್ರೋಲ್ ಮುಗಿಯುವ ಮೊದಲೇ ಮತ್ತೆ ಜಾಮ್. ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಅರ್ಧಕ್ಕೆ ನಿಂತಿತ್ತು, ಮೋಡ ಬೇರೆ ಕಟ್ಟಿತ್ತು.

ಕ್ಲಚ್ ಕಡೆ ಶಾಫ್ಟ್ ಸುತ್ತ ಕೂರುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಒಣಗಿ ಗಟ್ಟಿಯಾಗಿತ್ತು, ಅಷ್ಟೇ. ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತಿತ್ತು. ನಾನು ಸತ್ತ ಪಿಸ್ಟನ್ ಬದಲಾಯಿಸಿದ್ದೆ, ಅದನ್ನು ಕೊಂದದ್ದನ್ನು ಒಳಗೇ ಬಿಟ್ಟಿದ್ದೆ.

ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಬೇರೆ ಆಯಿಲ್ ಚೇಂಬರ್ ಇಲ್ಲ. ಪೆಟ್ರೋಲಿನ ಜೊತೆ ಬರುವ ಆಯಿಲೇ ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು. ಒಳಗೆ ಬರುವ ತಣ್ಣನೆ ಪೆಟ್ರೋಲೇ ಪಿಸ್ಟನ್ನನ್ನು ತಂಪು ಮಾಡುವುದು. ಎಲ್ಲಿಂದಲೋ ಹೆಚ್ಚು ಗಾಳಿ ಸೇರಿದರೆ ಪೆಟ್ರೋಲ್ ಕಮ್ಮಿ, ಆಯಿಲ್ ಕಮ್ಮಿ, ತಂಪೂ ಕಮ್ಮಿ. ಮೂರೂ ಒಟ್ಟಿಗೆ. ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿನ ಒಳಗೋಡೆಗೆ, ಅಂದರೆ ಬೋರ್‌ಗೆ ಹಿಡಿದುಕೊಳ್ಳುತ್ತದೆ.

ಇಲ್ಲಿ ನಾನು ಹೇಳುವುದು ಮುಖ್ಯವಾಗಿ ಆ ಮಾಮೂಲಿ 58 ಸಿಸಿ ಚೀನಾ ಮೆಷಿನ್ ಬಗ್ಗೆ. ನಮ್ಮ ಕಡೆ ಮನೆಗೊಂದು ಇರುತ್ತದೆ, ಸ್ಪೇರ್ ಎಲ್ಲ ಕಡೆ ಸಿಗುತ್ತದೆ, ಬಿಚ್ಚುವುದೂ ಸುಲಭ. ಸ್ಟಿಲ್ ಎಂಎಸ್ 180 ಥರದ ಸಣ್ಣ ಮೆಷಿನ್‌ಗಳ ಒಳಗಿನ ಕಟ್ಟು ಬೇರೆ. ಅದನ್ನು ಕೊನೆಯ ಹತ್ತಿರ ಹೇಳುತ್ತೇನೆ.

ಬಿಚ್ಚುವ ಮೊದಲು ನೋಡಬೇಕಾದದ್ದು

ಪ್ಲಗ್ಗಿನ ವೈರ್ ಕಿತ್ತು ಪಕ್ಕಕ್ಕೆ ಇಡಿ. ಸ್ಟಾರ್ಟರ್ ಹಗ್ಗದ ಹಿಡಿಯನ್ನು ಹಿಡಿದು ಮೆಷಿನ್ ಮೇಲೆತ್ತಿ. ಕಂಪ್ರೆಷನ್ ಚೆನ್ನಾಗಿದ್ದರೆ ಮೆಷಿನ್ ನೇತಾಡುತ್ತಾ ತಡೆದು ತಡೆದು ಇಳಿಯುತ್ತದೆ. ಸರ್ರನೆ ಕೆಳಗೆ ಹೋದರೆ ರಿಂಗ್ ಅಥವಾ ಬೋರ್ ಹೋಗಿದೆ. ಗೇಜ್ ಇದ್ದವರಿಗೆ ಲೆಕ್ಕ ಇನ್ನೂ ಸುಲಭ. 120 ಪಿಎಸ್‌ಐ ಮೇಲಿದ್ದರೆ ಆರೋಗ್ಯ, 90ಕ್ಕಿಂತ ಕೆಳಗಿದ್ದರೆ ಸ್ಟಾರ್ಟ್ ಆಗುವುದೇ ಕಷ್ಟ.

ಆಮೇಲೆ ಸೈಲೆನ್ಸರ್ ಬಿಚ್ಚಿ. ಆ ತೂತಿನಲ್ಲಿ ಟಾರ್ಚ್ ಬಿಟ್ಟು, ಹಗ್ಗವನ್ನು ನಿಧಾನ ಎಳೆಯುತ್ತಾ ಪಿಸ್ಟನ್ನಿನ ಪಕ್ಕೆ ನೋಡಿ. ನುಣ್ಣಗೆ ಬೂದು ಬಣ್ಣ ಇದ್ದರೆ ಪಿಸ್ಟನ್ ಸರಿ ಇದೆ, ತೊಂದರೆ ಬೇರೆ ಕಡೆ ಹುಡುಕಿ. ಮೇಲಿಂದ ಕೆಳಕ್ಕೆ ಗೀರು ಗೀರಾಗಿದ್ದರೆ ಸಿಲಿಂಡರ್ ಬಿಚ್ಚಲೇಬೇಕು.

ಇನ್ನೊಂದು ಕೆಲಸವಿದೆ, ಬಹಳ ಜನ ಮಾಡುವುದಿಲ್ಲ, ಮೊದಲ ಸಲ ನಾನೂ ಮಾಡಿರಲಿಲ್ಲ. ಎಂಜಿನ್ ಬಿಚ್ಚುವ ಮೊದಲೇ ಗಾಳಿ ಲೀಕ್ ಪರೀಕ್ಷೆ ಮಾಡಬೇಕು. ಒಮ್ಮೆ ಬಿಚ್ಚಿದರೆ ಎಲ್ಲಿಂದ ಲೀಕ್ ಆಗುತ್ತಿತ್ತು ಅಂತ ತೋರಿಸುವ ಸಾಕ್ಷಿಯೇ ಹೋಯಿತು.

ಬಿಪಿ ಮೆಷಿನ್‌ನಿಂದ ಲೀಕ್ ಹುಡುಕುವುದು

ವರ್ಕ್‌ಶಾಪಿನವರು ಇದಕ್ಕೆ ಬೇರೆ ಪಂಪ್ ಇಟ್ಟಿರುತ್ತಾರೆ. ಅವರು ಹಾಕುವುದು 0.5 ಬಾರ್ ಒತ್ತಡ. ಮನೆಯಲ್ಲಿ ಡಾಕ್ಟರ್ ಉಪಯೋಗಿಸುವಂಥ, ಮುಳ್ಳಿನ ಗಡಿಯಾರ ಇರುವ ಹಳೇ ಬಿಪಿ ಮೆಷಿನ್ ಸಾಕು. ಅದರಲ್ಲಿ 300ರ ತನಕ ಗುರುತು ಇರುತ್ತದೆ, ಅಂದರೆ ಸುಮಾರು 0.4 ಬಾರ್. ತೋಳಿಗೆ ಕಟ್ಟುವ ಪಟ್ಟಿ ತೆಗೆದು, ರಬ್ಬರ್ ಬುಡ್ಡೆ ಮತ್ತು ಗಡಿಯಾರ ಎರಡನ್ನೂ ಒಂದೇ ಪೈಪಿಗೆ ಸೇರಿಸಿ. ನಾನು ಅಪ್ಪಯ್ಯನದನ್ನು ತೆಗೆದುಕೊಂಡೆ. ಇವತ್ತಿಗೂ ಅದಕ್ಕೆ ಪೆಟ್ರೋಲ್ ವಾಸನೆ ಅಂತ ಬೈಯುತ್ತಾರೆ.

ಗಾಳಿ ಒಳಗೆ ಬಿಡಲು ಹಳೇ ಸ್ಪಾರ್ಕ್ ಪ್ಲಗ್ ಬೇಕು. ಅದರ ಪಿಂಗಾಣಿ ಒಡೆದು ಒಳಗಿನದೆಲ್ಲ ತೆಗೆದರೆ ಮರೆ (ತಿರುಪಿನ ಸುತ್ತು) ಇರುವ ಖಾಲಿ ಕವಚ ಉಳಿಯುತ್ತದೆ. ಒಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಅದರೊಳಗೆ ಸಣ್ಣ ಲೋಹದ ಪೈಪ್ ಇಟ್ಟು ಸುತ್ತಲೂ ಎಂ-ಸೀಲ್ ತುಂಬಿ ಒಂದು ದಿನ ಒಣಗಲು ಬಿಡಿ.

ಈಗ ತೂತುಗಳನ್ನು ಮುಚ್ಚಬೇಕು. ಹಳೇ ಟ್ರ್ಯಾಕ್ಟರ್ ಟ್ಯೂಬಿನ ತುಂಡು ಕತ್ತರಿಸಿ ಸೈಲೆನ್ಸರ್ ಹಿಂದೆ ಇಟ್ಟು ಬೋಲ್ಟ್ ಬಿಗಿ ಮಾಡಿ. ಕಾರ್ಬೊರೇಟರ್ ಕೂರುವ ಜಾಗಕ್ಕೂ ಹಾಗೆಯೇ. ಅಲ್ಲಿ ಕಾರ್ಬೊರೇಟರಿನ ಪಂಪಿಗೆ ಒತ್ತಡ ಕೊಡುವ ಸಣ್ಣ ತೂತು ಒಂದಿರುತ್ತದೆ. ಅದೂ ಮುಚ್ಚಬೇಕು, ಇಲ್ಲದಿದ್ದರೆ ಇಲ್ಲದ ಲೀಕ್ ಹುಡುಕುತ್ತಾ ಕೂರುತ್ತೀರಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಆಗ ಪ್ಲಗ್ ತೂತಿನಿಂದ ಹೋದ ಗಾಳಿ ಕ್ರ್ಯಾಂಕ್ ಇರುವ ಜಾಗಕ್ಕೂ ಇಳಿಯುತ್ತದೆ.

250ರ ತನಕ ಪಂಪ್ ಮಾಡಿ ಅರ್ಧ ನಿಮಿಷ ನೋಡಿ. ಮುಳ್ಳು ಅಲ್ಲಾಡದೆ ನಿಂತರೆ ಸರಿ. ಇಳಿದರೆ ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಬನ್ನಿ: ಮೊದಲು ನಿಮ್ಮದೇ ಪೈಪ್ ಜೋಡಣೆ, ಆಮೇಲೆ ಸಿಲಿಂಡರ್ ಬುಡದ ಪ್ಯಾಕಿಂಗ್, ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ತುಂಡು, ಕ್ಲಚ್ ಹಿಂದಿನ ಸೀಲ್, ಮ್ಯಾಗ್ನೆಟ್ (ಫ್ಲೈವೀಲ್) ಹಿಂದಿನ ಸೀಲ್. ಗುಳ್ಳೆ ಎಲ್ಲಿ ಬಂತೋ ಅಲ್ಲಿದೆ ಕಾರಣ. ಸೀಲ್ ಕೆಲವೊಮ್ಮೆ ನಿಂತಾಗ ಸುಮ್ನೆ ಇರುತ್ತದೆ, ಕ್ರ್ಯಾಂಕ್ ತಿರುಗಿದಾಗ ಲೀಕ್ ಆಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನೋಡಿ.

ಲೀಕ್ ಇಲ್ಲವಾದರೆ ಪೆಟ್ರೋಲ್ ದಾರಿ ನೋಡಿ. ಟ್ಯಾಂಕಿನೊಳಗಿನ ಪೈಪನ್ನು ಹೊರಗೆಳೆದು ಬಗ್ಗಿಸಿ. ನೇರ ಇದ್ದಾಗ ಕಾಣದ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಟ್ಯಾಂಕಿನ ಗಾಳಿ ತೂತು ಕಟ್ಟಿದರೂ ಪೆಟ್ರೋಲ್ ಸಾಲದೆ ಇದೇ ಕಥೆ ಆಗುತ್ತದೆ. ಈಗ ಬಂಕ್‌ಗಳಲ್ಲಿ ಬರುವುದು 20 ಶೇಕಡಾ ಎಥನಾಲ್ ಸೇರಿದ ಪೆಟ್ರೋಲ್. ಅದು ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪನ್ನೂ ಕಾರ್ಬೊರೇಟರ್ ಒಳಗಿನ ತೆಳು ಪೊರೆಯಾದ ಡಯಾಫ್ರಾಮನ್ನೂ ಬೇಗ ಹಾಳು ಮಾಡುತ್ತದೆ.

ಬಿಚ್ಚುವುದು

ಸಾಮಾನು ಜಾಸ್ತಿ ಬೇಡ. 4 ಮಿಮೀ ಅಳತೆಯ ಉದ್ದನೆ ಅಲನ್ ಕೀ, ಪ್ಲಗ್ ಪಾನ, ಸ್ಕ್ರೂ ಡ್ರೈವರ್, ಸಣ್ಣ ಮೂತಿಯ ಇಕ್ಕಳ, ಫೀಲರ್ ಗೇಜ್, ಒಂದು ಮಾರು ನೈಲಾನ್ ಹಗ್ಗ. ಬಿಚ್ಚಿದ ಬೋಲ್ಟ್‌ಗಳನ್ನು ಯಾವ ಜಾಗದ್ದು ಅಂತ ಬರೆದು ಬೇರೆ ಬೇರೆ ಡಬ್ಬಿಗೆ ಹಾಕಿ, ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ನೆನಪಿರುತ್ತದೆ ಅಂತ ಅನ್ನಿಸುತ್ತದೆ, ಇರುವುದಿಲ್ಲ.

ಮೊದಲು ಇಡೀ ಮೆಷಿನ್ ತೊಳೆಯಿರಿ. ಮರದ ಪುಡಿ ಮತ್ತು ಆಯಿಲ್ ಸೇರಿ ರೊಟ್ಟಿಯಂತೆ ಅಂಟಿರುತ್ತದೆ. ಬಾರ್, ಚೈನ್, ಮೇಲಿನ ಕವರ್, ಏರ್ ಫಿಲ್ಟರ್, ಕಾರ್ಬೊರೇಟರ್, ಸ್ಟಾರ್ಟರ್ ಕವರ್ ಸಾಲಾಗಿ ಬರುತ್ತವೆ.

ಸೀಲ್ ಬದಲಾಯಿಸಬೇಕಿದ್ದರೆ ಮಾತ್ರ ಕ್ಲಚ್ ಮತ್ತು ಮ್ಯಾಗ್ನೆಟ್ ಬಿಚ್ಚಿ. ಪಿಸ್ಟನ್ ಮೇಲೆ ಬರುತ್ತಾ ಸೈಲೆನ್ಸರ್ ತೂತನ್ನು ದಾಟಿದ ಮೇಲೆ ನೈಲಾನ್ ಹಗ್ಗವನ್ನು ಪ್ಲಗ್ ತೂತಿನಿಂದ ಒಳಗೆ ತುಂಬಿ, ಎಂಜಿನ್ ತಿರುಗದಂತೆ ತಡೆಯುತ್ತದೆ. ತೂತು ತೆರೆದಿರುವಾಗ ತುಂಬಿದರೆ ಹಗ್ಗ ಅದರಲ್ಲಿ ಸಿಕ್ಕಿ ಕತ್ತರಿಸಿಹೋಗುತ್ತದೆ. ಕ್ಲಚ್ ಎಡಮರೆ, ಅಂದರೆ ಗಡಿಯಾರದ ಮುಳ್ಳು ತಿರುಗುವ ಕಡೆ ತಿರುಗಿಸಿದರೆ ಬಿಚ್ಚುತ್ತದೆ. ಎಷ್ಟೋ ಕ್ಲಚ್‌ಗಳು ಉಲ್ಟಾ ತಿರುಗಿಸಿ ಬಲ ಹಾಕಿದ್ದರಿಂದಲೇ ಒಡೆದಿವೆ. ಮ್ಯಾಗ್ನೆಟ್‌ನ ನಟ್ ಮಾಮೂಲಿ ಮರೆ. ನಟ್ಟನ್ನು ಶಾಫ್ಟ್ ತುದಿಗೆ ಸಮ ಬರುವಷ್ಟು ಸಡಿಲಿಸಿ, ಹಿಂದಿನಿಂದ ಸ್ಕ್ರೂ ಡ್ರೈವರಿನಲ್ಲಿ ಮೆಲ್ಲಗೆ ಮೀಟುತ್ತಾ ನಟ್ಟಿನ ಮೇಲೆ ಒಂದು ತಟ್ಟು ತಟ್ಟಿ. ಪಟ್ಟಂತ ಸಡಿಲವಾಗುತ್ತದೆ.

ಸಿಲಿಂಡರಿಗೆ ಬುಡದಲ್ಲಿ ನಾಲ್ಕು ಬೋಲ್ಟ್. ಓರೆ ಓರೆಯಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ, ಸಿಲಿಂಡರನ್ನು ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಎತ್ತಿದ ಕೂಡಲೇ ಕ್ರ್ಯಾಂಕ್ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಲಾಕ್ ಒಳಗೆ ಬಿದ್ದರೆ ಪೂರ್ತಿ ಎಂಜಿನ್ ಬಿಚ್ಚಬೇಕಾಗುತ್ತದೆ.

ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನಿನ ಎರಡು ಬದಿಯ ಲಾಕ್ ತೆಗೆಯುವಾಗ ಇಕ್ಕಳದ ಜೊತೆ ಪ್ಲಾಸ್ಟಿಕ್ ಕವರ್ ಹಿಡಿದುಕೊಳ್ಳಿ, ಹಾರಿದರೆ ಅದರಲ್ಲೇ ಇರುತ್ತದೆ. ಗಜನ್ ಪಿನ್ನನ್ನು ಸುತ್ತಿಗೆಯಿಂದ ಹೊಡೆಯಬೇಡಿ, ಆ ಪೆಟ್ಟು ಕನೆಕ್ಟಿಂಗ್ ರಾಡಿಗೆ ಹೋಗುತ್ತದೆ. ಕುದಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಿಸ್ಟನ್ನಿಗೆ ಸುತ್ತಿ ಬಿಸಿ ಮಾಡಿದರೆ ಪಿನ್ ತಳ್ಳಿದರೇ ಬರುತ್ತದೆ.

ಗೀರು ಯಾವ ಕಡೆ ಇದೆ?

ಹಳೇ ಪಿಸ್ಟನ್ನನ್ನು ಗುಜರಿಗೆ ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಗೀರು ಸೈಲೆನ್ಸರ್ ಕಡೆ ಮಾತ್ರ ಇದ್ದರೆ ಪೆಟ್ರೋಲ್ ಸಾಲಲಿಲ್ಲ: ಗಾಳಿ ಲೀಕ್, ಅಥವಾ ಕಾರ್ಬೊರೇಟರ್ ಸ್ಕ್ರೂ ಜಾಸ್ತಿ ಬಿಗಿ. ಆ ಕಡೆಯೇ ಬಿಸಿ ಜಾಸ್ತಿ, ಮೊದಲು ಅಲ್ಲೇ ಹಿಡಿಯುತ್ತದೆ. ಸುತ್ತಲೂ ಗೀರಿದ್ದು ಪಿಸ್ಟನ್ ಒಣ ಒಣ ಕಾಣುತ್ತಿದ್ದರೆ ಆಯಿಲ್ ಹಾಕದ ಪೆಟ್ರೋಲ್. ಹುಡುಗರು ಬೈಕಿನ ಪೆಟ್ರೋಲನ್ನೇ ಸುರಿದುಬಿಟ್ಟಿರುತ್ತಾರೆ, ಕೇಳಿದರೆ ಇಲ್ಲ ಅನ್ನುತ್ತಾರೆ. ಕಾರ್ಬೊರೇಟರ್ ಕಡೆಯ ಪಕ್ಕೆ ಉಪ್ಪುಕಾಗದ ಹಾಕಿ ಉಜ್ಜಿದಂತೆ ಮಂಕಾಗಿದ್ದರೆ ಧೂಳು ಒಳಗೆ ಹೋಗಿದೆ. ಏರ್ ಫಿಲ್ಟರ್ ಹರಿದಿದೆಯಾ, ಸರಿ ಕೂತಿದೆಯಾ ನೋಡಿ.

ಇಲ್ಲಿ ಕಂಡದ್ದೂ ಲೀಕ್ ಪರೀಕ್ಷೆಯಲ್ಲಿ ಕಂಡದ್ದೂ ಹೊಂದಬೇಕು. ಹೊಂದದಿದ್ದರೆ ಇನ್ನೂ ಕಾರಣ ಸಿಕ್ಕಿಲ್ಲ ಅಂತಲೇ ತಿಳಿಯಿರಿ, ಹೊಸ ಕಿಟ್ ಡಬ್ಬಿ ಒಡೆಯಬೇಡಿ.

ಹಳೇ ಸಿಲಿಂಡರ್ ಉಳಿಯುತ್ತದಾ?

ಬೋರ್ ಒಳಗೆ ಕಾಣುವ ಗೆರೆಗಳು ಎಷ್ಟೋ ಸಲ ಗಾಯವಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಿಕೊಂಡದ್ದು. ಒಳಗಿನ ಲೇಪನ ಗಟ್ಟಿ, ಪಿಸ್ಟನ್ ಮೆತ್ತಗೆ. ಮೆತ್ತಿದ್ದನ್ನು ತೆಗೆದರೆ ಸಿಲಿಂಡರ್ ಮತ್ತೆ ಬಳಕೆಗೆ ಬರಬಹುದು. ಕೆಲವರು ಬಾತ್‌ರೂಮ್ ತೊಳೆಯುವ ಆಸಿಡ್ ಹಚ್ಚುತ್ತಾರೆ. ಅದು ಅಲ್ಯೂಮಿನಿಯಂ ಜೊತೆ ಕ್ರೋಮ್ ಲೇಪನವನ್ನೂ ತಿನ್ನುತ್ತದೆ, ಹಾಗಾಗಿ ನನಗೆ ಕಾಸ್ಟಿಕ್ ಸೋಡಾ ಮೇಲು. ಅರ್ಧ ಲೋಟ ನೀರಿಗೆ ಒಂದು ಚಮಚ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಹತ್ತಿ ಕಡ್ಡಿಯಲ್ಲಿ ಗೆರೆಯ ಮೇಲೆ ಮಾತ್ರ ಹಚ್ಚಿ. ಅಲ್ಯೂಮಿನಿಯಂ ಇರುವ ತನಕ ಗುಳ್ಳೆ ಬರುತ್ತದೆ, ಗುಳ್ಳೆ ನಿಂತರೆ ಕೆಲಸ ಮುಗಿಯಿತು. ತೂತುಗಳ ಅಂಚಿಗೆ ಹರಿಯಲು ಬಿಡಬೇಡಿ, ಅಲ್ಲಿ ಬರೀ ಅಲ್ಯೂಮಿನಿಯಂ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಕೆಲಸ ಅಂಗಳದಲ್ಲಿ. ಗುಳ್ಳೆಯಲ್ಲಿ ಬರುವುದು ಹೊತ್ತಿಕೊಳ್ಳುವ ಗಾಳಿ, ಬೀಡಿ ಆಮೇಲೆ ಸೇದಿ.

ತೊಳೆದು ಒರೆಸಿದ ಮೇಲೆ ಉಗುರು ಎಳೆಯಿರಿ. ಎಲ್ಲೂ ಸಿಕ್ಕದಿದ್ದರೆ ಸಿಲಿಂಡರ್ ಉಳಿಯಿತು. ಲೇಪನವೇ ಸಿಪ್ಪೆ ಎದ್ದಿದ್ದರೆ ಎಸೆಯಿರಿ. ನಿಜ ಹೇಳಬೇಕೆಂದರೆ 58 ಸಿಸಿ ಮೆಷಿನ್‌ಗೆ ಪೂರ್ತಿ ಬೋರ್ ಕಿಟ್ಟೇ ಅಗ್ಗಕ್ಕೆ ಸಿಗುವಾಗ ಇಷ್ಟೆಲ್ಲ ಬೇಕಾಗುವುದಿಲ್ಲ. ಬ್ರ್ಯಾಂಡ್ ಮೆಷಿನ್ ಸಿಲಿಂಡರ್ ಆದರೆ ಮಾತ್ರ ಈ ಕಷ್ಟಕ್ಕೆ ಬೆಲೆ.

ಕಿಟ್ ತರುವಾಗ ಒಂದು ಮೋಸ ಹೋಗುವ ಜಾಗ ಇದೆ. 58 ಸಿಸಿ ಪಿಸ್ಟನ್ 45.2 ಮಿಮೀ, 52 ಸಿಸಿಯದ್ದು 45 ಮಿಮೀ. ಕಣ್ಣಿಗೆ ಒಂದೇ ಥರ. ಹಳೇದನ್ನು ಅಂಗಡಿಗೆ ಒಯ್ದು, ಪಿನ್ನಿನ ದಪ್ಪವನ್ನೂ ಅಳೆದು ನೋಡಿಯೇ ತನ್ನಿ.

ಕೆಳಗಿನ ಭಾಗ

ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಬಹುದು, ಮೇಲೆ ಕೆಳಗೆ ಒಂಚೂರೂ ಆಡಬಾರದು. ಕ್ರ್ಯಾಂಕ್ ತಿರುಗಿಸಿ. ಮರಳು ಸಿಕ್ಕಿದಂತೆ ಗರಗರ ಅಂದರೆ ಬೇರಿಂಗ್ ಹೋಗಿದೆ. ಅಗ್ಗದ ಮೆಷಿನ್‌ನಲ್ಲಿ ಬೋರ್ ಮತ್ತು ಕ್ರ್ಯಾಂಕ್ ಎರಡೂ ಹೋಗಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ, ಸ್ಪೇರ್‌ಗಾಗಿ ಇಟ್ಟುಕೊಳ್ಳುತ್ತೇನೆ.

ಆಯಿಲ್ ಸೀಲ್ ಎರಡೂ ಒಟ್ಟಿಗೆ ಬದಲಾಯಿಸಿ. ಶಾಫ್ಟಿಗೆ ಗೀರಾಗದಂತೆ ಹಳೇದನ್ನು ಮೀಟಿ ತೆಗೆದು, ಹೊಸದರ ತುಟಿಗೆ ಗ್ರೀಸ್ ಹಚ್ಚಿ, ಅಳತೆಗೆ ಸರಿಯಾದ ಪೈಪ್ ತುಂಡಿನಿಂದ ನೇರವಾಗಿ ತಟ್ಟಿ ಕೂರಿಸಿ. ಶಾಫ್ಟಿನ ಮರೆ ಮೇಲೆ ಸೀಲ್ ದಾಟಿಸುವಾಗ ಒಂದು ಸುತ್ತು ಟೇಪ್ ಸುತ್ತಿದರೆ ತುಟಿ ಹರಿಯುವುದಿಲ್ಲ.

ಕಟ್ಟುವುದು

ಹೊಸ ಸಿಲಿಂಡರನ್ನು ಡಬ್ಬಿಯಿಂದ ತೆಗೆದು ಹಾಗೇ ಹಾಕಬೇಡಿ. ಅಗ್ಗದ ಕಿಟ್‌ಗಳಲ್ಲಿ ಒಳಗಿನ ತೂತುಗಳ ಅಂಚು ಬ್ಲೇಡಿನಂತೆ ಚೂಪಾಗಿರುತ್ತದೆ, ರಿಂಗನ್ನು ಕೆರೆಯುತ್ತದೆ. ಬೆರಳು ತುದಿಯಲ್ಲಿ ಸವರಿ, ಚೂಪಿದ್ದ ಕಡೆ ನಯವಾದ ಎಮರಿ ಪೇಪರ್ ಸುತ್ತಿದ ಕಡ್ಡಿಯಿಂದ ಅಂಚು ಮಾತ್ರ ಮೊಂಡು ಮಾಡಿ. ಆಮೇಲೆ ಸೋಪು ನೀರಲ್ಲಿ ತೊಳೆದು ಒಣಗಿಸಿ ಆಯಿಲ್ ಸವರಿ.

ರಿಂಗನ್ನು ಬರೀ ಬೋರ್ ಒಳಗೆ ಇಟ್ಟು, ಪಿಸ್ಟನ್ ತಲೆಯಿಂದ ಸಮನಾಗಿ ಎರಡು ಸೆಂಮೀ ತಳ್ಳಿ, ತುದಿಗಳ ಸಂದು ಅಳೆಯಿರಿ. 0.2ರಿಂದ 0.4 ಮಿಮೀ ಒಳಗಿದ್ದರೆ ಒಳ್ಳೆಯದು. ತುದಿ ತುದಿ ಮುಟ್ಟುತ್ತಿದ್ದರೆ ಹಾಕಲೇಬಾರದು, ಬಿಸಿಯಾದಾಗ ಹಿಗ್ಗಲು ಜಾಗವಿಲ್ಲದೆ ಬೋರ್ ಸೀಳುತ್ತದೆ.

ಪಿಸ್ಟನ್ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆ ಇರಬೇಕು. ಉಲ್ಟಾ ಹಾಕಿದರೆ ರಿಂಗಿನ ತುದಿ ತೂತಿಗೆ ಸಿಕ್ಕಿ ಮುರಿಯುತ್ತದೆ. ನೀಡಲ್ ಬೇರಿಂಗಿಗೆ ಟೂಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಆಯಿಲ್) ಹಾಕಿ ಪಿನ್ ತೂರಿಸಿ. ಲಾಕ್ ಹೊಸದೇ ಹಾಕಿ, ಹಳೇದು ಬೇಡ. ಅದರ ಬಾಯಿ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಇರಲಿ. ಕೂತ ಮೇಲೆ ಸ್ಕ್ರೂ ಡ್ರೈವರಿನಿಂದ ತಿರುಗಿಸಿ ನೋಡಿ, ತನ್ನ ಗ್ರೂವ್ ಒಳಗೆ ಜಾರಿದರೆ ಸರಿ ಕೂತಿದೆ.

ಹೊಸ ಪ್ಯಾಕಿಂಗ್ ಇಟ್ಟು, ಕ್ರ್ಯಾಂಕ್ ಬಾಯಿಯ ಬಟ್ಟೆ ತೆಗೆಯಿರಿ. ಮರೆತವರನ್ನು ನೋಡಿದ್ದೇನೆ. ನಡುವೆ ಸೀಳು ಮಾಡಿದ ಮರದ ತುಂಡನ್ನು ಪಿಸ್ಟನ್ ಕೆಳಗೆ ಕೊಟ್ಟರೆ ಅದು ಅಲ್ಲಾಡದೆ ನಿಲ್ಲುತ್ತದೆ. ರಿಂಗನ್ನು ಬೆರಳಿನಿಂದ ಅದುಮಿ, ತುದಿಗಳು ಪಿಸ್ಟನ್ನಿನ ರಿಂಗ್ ಗ್ರೂವ್ ಒಳಗಿರುವ ಸಣ್ಣ ಮೊಳೆಯ ಎರಡು ಬದಿಗೆ ಬಂದಿವೆಯಾ ನೋಡಿ, ಸಿಲಿಂಡರನ್ನು ನೇರ ಇಳಿಸಿ. ಇಳಿಸುವಾಗ ತಿರುಚಬೇಡಿ. ಸಿಕ್ಕಿದರೆ ಮೇಲೆತ್ತಿ ಮತ್ತೆ ಶುರು ಮಾಡಿ, ಬಲ ಹಾಕಿದರೆ ರಿಂಗ್ ಮುರಿಯುತ್ತದೆ. ಬೋಲ್ಟ್‌ಗಳನ್ನು ಓರೆ ಓರೆಯಾಗಿ ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಅಲ್ಯೂಮಿನಿಯಂ ಮರೆ, ಪೂರ್ತಿ ತೋಳಬಲ ಬೇಡ.

ಪಿಸ್ಟನ್ ತಲೆಗೂ ಸಿಲಿಂಡರ್ ಮಾಡಿಗೂ ನಡುವಿನ ಸಂದನ್ನೂ ಅಳೆದುಬಿಡಿ. ಬೆಸುಗೆ ಹಾಕುವ ಸೀಸದ ತಂತಿಯನ್ನು ಪ್ಲಗ್ ತೂತಿನಿಂದ ಒಳಗೆ ಬಿಟ್ಟು, ಅದರ ತುದಿ ಗಜನ್ ಪಿನ್ ಇರುವ ದಿಕ್ಕಿನಲ್ಲಿ ಬೋರ್ ಗೋಡೆಗೆ ತಾಗಿರುವಂತೆ ಹಿಡಿದು, ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿ 0.5 ಮಿಮೀಗಿಂತ ತೆಳ್ಳಗಿದ್ದರೆ ಬಡಿಯುವ ಅಪಾಯ, ದಪ್ಪ ಪ್ಯಾಕಿಂಗ್ ಹಾಕಿ.

ಈಗ ಮತ್ತೆ ಬಿಪಿ ಮೆಷಿನ್. ಅರ್ಧ ನಿಮಿಷ ಮುಳ್ಳು ನಿಂತರೆ ಮಾತ್ರ ಮುಂದಕ್ಕೆ.

ಮ್ಯಾಗ್ನೆಟ್ ಮತ್ತು ಕಾಯಿಲ್ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಕಾಯಿಲ್ ಬಿಗಿ ಮಾಡಿ, ಸುಮಾರು 0.3 ಮಿಮೀ ಸಂದು ಬರುತ್ತದೆ. ಪ್ಲಗ್ ಸಂದು 0.6 ಮಿಮೀ ಆಸುಪಾಸು ಇರಲಿ.

ಎಂಎಸ್ 180 ಥರದ ಮೆಷಿನ್ ಆದರೆ

ಇದು 31.8 ಸಿಸಿ, ಪಿಸ್ಟನ್ 38 ಮಿಮೀ. ಇದರಲ್ಲಿ ಸಿಲಿಂಡರ್ ಮಾತ್ರ ಮೇಲಕ್ಕೆ ಎತ್ತಲು ಬರುವುದಿಲ್ಲ. ಸಿಲಿಂಡರ್ ಮತ್ತು ಕ್ರ್ಯಾಂಕ್ ಗೂಡಿನ ಮೇಲರ್ಧ ಒಂದೇ ತುಂಡು. ಕೆಳಗಿನ ತಟ್ಟೆಯ ನಾಲ್ಕು ನಕ್ಷತ್ರ ಸ್ಕ್ರೂ ಬಿಚ್ಚಿದರೆ ಕ್ರ್ಯಾಂಕ್, ಬೇರಿಂಗ್, ಸೀಲ್, ಪಿಸ್ಟನ್ ಎಲ್ಲ ಒಟ್ಟಿಗೆ ಹೊರಗೆ. ಅಂದರೆ ಕ್ಲಚ್, ಮ್ಯಾಗ್ನೆಟ್ ಬಿಚ್ಚಲೇಬೇಕು, ಎಂಜಿನ್ನನ್ನೂ ಬಾಡಿಯಿಂದ ಇಳಿಸಬೇಕು. ತಟ್ಟೆಗೆ ಕಾಗದದ ಪ್ಯಾಕಿಂಗ್ ಇಲ್ಲ, ಗಮ್ ಮಾತ್ರ. ಮಾಮೂಲಿ ಸಿಲಿಕಾನ್ ಗಮ್ ಪೆಟ್ರೋಲಿಗೆ ಬಿಟ್ಟುಕೊಳ್ಳುತ್ತದೆ, ಪೆಟ್ರೋಲ್ ತಡೆಯುವುದನ್ನೇ ಕೇಳಿ ತನ್ನಿ. ಎರಡೂ ಮುಖವನ್ನು ಎಣ್ಣೆ ಪಸೆ ಇಲ್ಲದಂತೆ ಒರೆಸಿ, ತೆಳ್ಳನೆ ಗೆರೆ ಎಳೆಯಿರಿ. ಜಾಸ್ತಿ ಹಾಕಿದರೆ ಒಳಗೆ ಒಸರಿ ಬೇರಿಂಗಿಗೆ ಸೇರುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಕಾರ್ಬೊರೇಟರ್

ಕಾರ್ಬೊರೇಟರಿಗೆ ಹೊಸ ಡಯಾಫ್ರಾಮ್ ಕಿಟ್ ಹಾಕಿ, ಟ್ಯಾಂಕಿನ ಪೈಪ್ ಮತ್ತು ಫಿಲ್ಟರ್ ಬದಲಾಯಿಸಿ. ಸಣ್ಣ ತೂತುಗಳಿಗೆ ತಂತಿ ಚುಚ್ಚಬೇಡಿ, ಗಾಳಿ ಹೊಡೆಯಿರಿ ಸಾಕು. ಎಲ್ (ಕಮ್ಮಿ ರೇಸಿನದು) ಮತ್ತು ಎಚ್ (ಪೂರ್ತಿ ರೇಸಿನದು) ಸ್ಕ್ರೂಗಳನ್ನು ಮೆಲ್ಲಗೆ ತಳ ಮುಟ್ಟುವ ತನಕ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬಿಡಿ. ಶುರುವಿಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋದರೆ ನಷ್ಟವಿಲ್ಲ.

ಮಿಶ್ರಣಕ್ಕೆ ಅಳತೆ ಡಬ್ಬಿ ಇಟ್ಟುಕೊಳ್ಳಿ, ಕಣ್ಣಂದಾಜು ಬೇಡ. ಮೆಷಿನ್ ಮೇಲೆ 1:25 ಅಂತ ಇದ್ದರೆ ಲೀಟರಿಗೆ 40 ಮಿಲೀ ಆಯಿಲ್, 1:50 ಇದ್ದರೆ 20 ಮಿಲೀ. ಮೆಷಿನ್ ಏನು ಹೇಳುತ್ತದೋ ಅದೇ ಹಾಕಿ.

ಬಾರ್, ಚೈನ್ ಹಾಕಿ, ಚೈನ್ ಆಯಿಲ್ ತುಂಬಿ, ಬ್ರೇಕ್ ಹಾಕಿ, ನೆಲದ ಮೇಲಿಟ್ಟು ಹಿಂದಿನ ಹಿಡಿಯನ್ನು ಕಾಲಲ್ಲಿ ಒತ್ತಿ ಸ್ಟಾರ್ಟ್ ಮಾಡಿ. ಮೊದಲು ಹೊಗೆ ಬರುತ್ತದೆ, ಕಟ್ಟುವಾಗ ಸವರಿದ ಆಯಿಲ್ ಅದು. ಎರಡು ಮೂರು ನಿಮಿಷ ಸಣ್ಣಗೆ ಓಡಿಸಿ, ನಡುನಡುವೆ ರೇಸ್ ಕೊಟ್ಟು ಬಿಡಿ. ನಿಲ್ಲಿಸಿ, ಪೂರ್ತಿ ತಣ್ಣಗಾಗಲಿ. ಹೀಗೆ ಮೂರು ಸಲ.

ಈಗ ಕಿವಿ ಕೆಲಸ. ಬ್ರೇಕ್ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು, ಮರಕ್ಕೆ ತಾಗಿಸದೆ ಒಂದು ಕ್ಷಣ ಪೂರ್ತಿ ರೇಸ್ ಕೊಟ್ಟಾಗ ಸದ್ದು ಒರಟಾಗಿ, ತೊದಲಿದಂತೆ ಗೊರಗೊರ ಅನ್ನಬೇಕು. ಮರಕ್ಕೆ ಒತ್ತಿದ ಕೂಡಲೇ ಆ ತೊದಲು ಹೋಗಿ ಒಂದೇ ಸ್ವರಕ್ಕೆ ಬರಬೇಕು. ಗಾಳಿಯಲ್ಲೇ ಕೀರಲು ಸ್ವರ ಬಂತೋ, ಪೆಟ್ರೋಲ್ ಕಮ್ಮಿ ಅಂತ ಅರ್ಥ. ಎಚ್ ಸ್ಕ್ರೂ ಕೂಡಲೇ ಕಾಲು ಸುತ್ತು ಬಿಚ್ಚಿ. ಕೀರಲು ಸ್ವರದಲ್ಲಿ ಮೆಷಿನ್‌ಗೆ ಜೋರು ಜಾಸ್ತಿ ಬಂದಂತೆ ಅನ್ನಿಸುತ್ತದೆ, ಅಲ್ವಾ? ಅಲ್ಲೇ ಎಲ್ಲರೂ ಮೋಸ ಹೋಗುವುದು. ರೇಸ್ ಬಿಟ್ಟಾಗ ಚೈನ್ ಪೂರ್ತಿ ನಿಲ್ಲಬೇಕು. ತಿರುಗುತ್ತಲೇ ಇದ್ದರೆ ಐಡಲ್ ಸ್ಕ್ರೂ ಇಳಿಸಿ. ರೇಸ್ ಬಿಟ್ಟ ಮೇಲೂ ಸದ್ದು ಇಳಿಯದೆ ಎಳೆಯುತ್ತಿದ್ದರೆ ಗಾಳಿ ಲೀಕ್ ಇನ್ನೂ ಇದೆ. ಆಫ್ ಮಾಡಿ, ಮತ್ತೆ ಸೋಪು ನೀರು ತನ್ನಿ.

ಮೊದಲ ಎರಡು ಟ್ಯಾಂಕ್ ಕೈಗಾತ್ರದ ಕೊಂಬೆಗಳನ್ನಷ್ಟೇ ಕೊಯ್ಯಿರಿ. ಒಂದೇ ಸಮ ಪೂರ್ತಿ ರೇಸ್ ಬೇಡ. ರಿಂಗ್ ಕೂತಂತೆ ಕಂಪ್ರೆಷನ್ ಏರುತ್ತದೆ, ಸದ್ದೂ ಬದಲಾಗುತ್ತದೆ. ಮೂರನೇ ಟ್ಯಾಂಕ್ ಮುಗಿದಾಗ ಸಿಲಿಂಡರ್ ಬೋಲ್ಟ್ ಒಮ್ಮೆ ನೋಡಿ, ಕಾರ್ಬೊರೇಟರ್ ಮತ್ತೆ ಸದ್ದಿಗೆ ಹೊಂದಿಸಿ, ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ಪಿಸ್ಟನ್ ನೋಡಿ. ನನ್ನದು ಎರಡನೇ ಸಲ ಕಟ್ಟಿದ್ದನ್ನು ಹಾಗೆ ನೋಡುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ನುಣ್ಣಗೆ ಬೂದು ಬಣ್ಣ, ಒಂದು ಗೀರೂ ಇರಲಿಲ್ಲ.

ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ. ಪ್ಲಗ್ ತೂತಿಗೆ ನಾಲ್ಕು ಹನಿ ಆಯಿಲ್ ಬಿಟ್ಟು, ಪ್ಲಗ್ ಹಾಕಿ, ಹಗ್ಗವನ್ನು ಮೆಲ್ಲಗೆ ಎಳೆದು ಬಿಗಿ ಸಿಕ್ಕಿದಲ್ಲಿ ನಿಲ್ಲಿಸಿ. ಆಗ ಸೈಲೆನ್ಸರ್ ತೂತು ಮುಚ್ಚಿರುತ್ತದೆ, ಮಲೆನಾಡಿನ ಥಂಡಿ ಬೋರ್ ಒಳಗೆ ಇಳಿಯುವುದಿಲ್ಲ.